ಬಣ್ಣ ಕೇಳಿ ಹೇಳುವ ಮನೆ

ನಮ್ಮ ಅಬ್ಬಾ ಬಣ್ಣವನ್ನು ಕೇಳಿ ಹೇಳುತ್ತಾರೆ ಅಂತ ಹರಿಹರದ ಪೇಟೆಯಲ್ಲಿ ಒಂದು ಮಾತಿತ್ತು. ನೂಲಿನ ಲಡಿಯನ್ನು ಬಾನಿಯಿಂದ ಎತ್ತಿ, ಹಿಂಡಿ, ಬಿಸಿಲಿಗೆ ಹಿಡಿದು, ಕಣ್ಣು ಮುಚ್ಚಿ, ಕತ್ತು ಒಂದು ಕಡೆ ವಾಲಿಸಿ ನಿಲ್ಲುತ್ತಿದ್ದರು. ಎದುರಿಗೆ ಕೂತ ನೇಕಾರರು ಕೆಮ್ಮಲೂ ಹೆದರಿ ಸುಮ್ಮನಿರುತ್ತಿದ್ದರು. ಆಮೇಲೆ ಅಬ್ಬಾ ಕಣ್ಣು ತೆರೆದು "ಇನ್ನೊಂದು ಮುಳುಗು ಬೇಕು" ಅಂತಲೋ, "ಆತು, ಒಣಗಾಕ ಹಾಕಬೌದು" ಅಂತಲೋ ಹೇಳುತ್ತಿದ್ದರು. ಅವರು ಹೇಳಿದ್ದು ತಪ್ಪುತ್ತಿರಲಿಲ್ಲ. ಬಣ್ಣದ ಸಾಬ್ರ ಹತ್ತಿರ ನೂಲು ಮಾತಾಡುತ್ತದೆ ಅಂತ ಜನ ಊರೂರಲ್ಲಿ ಹೇಳಿಕೊಂಡು ತಿರುಗಿದರು. ಅದನ್ನು ಕೇಳಿ ನಮ್ಮ ಅಮ್ಮಿ ಒಲೆಯ ಮುಂದೆ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಯಾಕೆಂದರೆ ಮಾತಾಡುತ್ತಿದ್ದದ್ದು ಅವಳ ಕೈಯ ಗಾಜಿನ ಬಳೆ.

ನಮ್ಮ ಮನೆ ಹೊಳೆಗೆ ಹತ್ತಿರವಿತ್ತು. ಬೀದಿಗೆ ಒಂದು ಕಟ್ಟೆ, ಒಳಗೆ ಒಂದು ಉದ್ದ ಕೋಣೆ, ಅದನ್ನು ದಾಟಿದರೆ ಅಂಗಳ. ಅಂಗಳದಲ್ಲಿ ಕುತ್ತಿಗೆತನಕ ನೆಲದಲ್ಲಿ ಹೂತ ನಾಲ್ಕು ಮಣ್ಣಿನ ಬಾನಿಗಳು ಸಾಲಾಗಿದ್ದವು: ಕೆಂಪು, ಕಾವಿ, ಹಳದಿ, ನೀಲಿ. ಕರಿ ಬಣ್ಣದ್ದು ಮಾತ್ರ ದೂರ, ಗೋಡೆಯ ಮೂಲೆಗೆ. ಹಸಿರಿಗೆ ಬೇರೆ ಬಾನಿ ಇರಲಿಲ್ಲ; ನೀಲಿಯಲ್ಲಿ ಅದ್ದಿದ ನೂಲನ್ನು ಹಳದಿಯಲ್ಲಿ ಮುಳುಗಿಸಿದರೆ ಹಸಿರು ಬರುತ್ತಿತ್ತು. ಅಂಗಳಕ್ಕೂ ಅಡಿಗೆಮನೆಗೂ ನಡುವೆ ಒಂದು ಹಳೆಯ ಜಮಖಾನೆಯ ಪರದೆ. ಅದರ ಹಿಂದೆ ನೀರು ಕಾಯಿಸುವ ದೊಡ್ಡ ಹಂಡೆ, ಹಂಡೆಯ ಪಕ್ಕ ಅಮ್ಮಿ. ಹೊರಗಿನ ಗಂಡಸರ ಎದುರಿಗೆ ಅವಳು ಬರುವಂತಿರಲಿಲ್ಲ, ಆದರೆ ಪರದೆಯ ಸಂದಿಯಿಂದ ಬಿಸಿಲಿಗೆ ಹಿಡಿದ ಲಡಿ ಅವಳಿಗೆ ಸರಿಯಾಗಿ ಕಾಣುತ್ತಿತ್ತು. ಬಳೆ ಒಮ್ಮೆ ಸದ್ದಾದರೆ ಬಣ್ಣ ಸರಿ. ಎರಡು ಸಲವಾದರೆ ಇನ್ನೂ ಬೇಕು. ಮೂರು ಸಲ ಅಂದರೆ ಆಯಿತಲ್ಲಪ್ಪಾ, ಮೀರಿ ಹೋಯಿತು, ಬೇಗ ತೆಗೀರಿ. ಸೌದೆ ಒಟ್ಟುವ ಹೆಂಗಸಿನ ಕೈಬಳೆ ಸದ್ದಾಗುವುದು ಯಾರಿಗೂ ವಿಶೇಷ ಅನ್ನಿಸುವುದಿಲ್ಲವಲ್ಲ.

ಅಬ್ಬಾನಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತಿದ್ದವು. ಕೆಂಪು, ಹಸಿರು, ಕಾವಿ, ಕಂದು ಇವೆಲ್ಲ ಒಂದೇ ಜಾತಿ, ಒಣಗಿದ ಮಣ್ಣಿನ ಹಾಗೆ. ಹುಟ್ಟಿನಿಂದ ಹಾಗೇ. ಬಣ್ಣಗಾರರ ಮನೆಯಲ್ಲಿ ಇಂಥ ಕಣ್ಣು ಹುಟ್ಟಿದ್ದಕ್ಕೆ ನಮ್ಮ ದಾದಿ, ಅಬ್ಬಾನ ತಾಯಿ, ಎಷ್ಟು ಅತ್ತಳೋ ಗೊತ್ತಿಲ್ಲ. ಆದರೆ ಅತ್ತು ಕೂರುವ ಹೆಂಗಸಲ್ಲ ಅವಳು. ಮಗನಿಗೆ ಬೇರೆ ಕಸುಬು ಹುಡುಕುವ ಬದಲು ತಾನೇ ಪರದೆಯ ಹಿಂದೆ ಕೂತಳು. ಈ ಬಳೆಯ ಉಪಾಯ ಅವಳದೇ. ಅಮ್ಮಿ ಮದುವೆಯಾಗಿ ಬಂದಾಗ ದಾದಿ ಅವಳಿಗೆ ಒಡವೆ ಕೊಟ್ಟಳೋ ಬಿಟ್ಟಳೋ, ಈ ಕೆಲಸವನ್ನಂತೂ ಮೂರನೇ ದಿನಕ್ಕೇ ಕೊಟ್ಟಳು. ಹದಿನಾರು ವರ್ಷದ ಹುಡುಗಿ, ಗಂಡನ ಮುಖ ಇನ್ನೂ ನೆಟ್ಟಗೆ ನೋಡಿರಲಿಲ್ಲ, ಅವನ ಕಣ್ಣಾಗಿ ಕೂತಳು. ಇದನ್ನೆಲ್ಲ ಈಗ ಹೇಳುವಾಗ ಕಥೆಯ ಹಾಗೆ ಕೇಳಿಸುತ್ತದೆ. ಆ ಮನೆಯಲ್ಲಿ ಇದ್ದವರಿಗೆ ಅದು ದಿನಾ ಬೆಳಗಾದರೆ ಮಾಡಬೇಕಾದ ಕೆಲಸ, ಅಷ್ಟೇ.

ನನಗೆ ತಿಳಿದದ್ದು ಏಳೋ ಎಂಟೋ ವರ್ಷದವಳಿದ್ದಾಗ, ಊಟದ ಹೊತ್ತಿನಲ್ಲಿ. ನಮ್ಮಲ್ಲಿ ರೊಟ್ಟಿಯ ಜೊತೆಗೆ ಎರಡು ಚಟ್ನಿ ಆಗುತ್ತಿತ್ತು. ಒಂದು ಟೊಮೆಟೊ ಹಣ್ಣಿನದು, ಬೆಲ್ಲ ಹಾಕಿದ್ದು, ಅಬ್ಬಾನಿಗೆ ಇಷ್ಟ. ಇನ್ನೊಂದು ಹಸಿಮೆಣಸಿನಕಾಯಿ ಅರೆದದ್ದು, ಅಮ್ಮಿಗೂ ನನಗೂ. ಅಮ್ಮಿ ಯಾವತ್ತೂ ಕೆಂಪನ್ನು ತಾಟಿನ ಬಲಕ್ಕೇ ಇಡುತ್ತಿದ್ದಳು. ಅವತ್ತು ಬಡಿಸಿದವಳು ನಾನು, ಅದಲುಬದಲು ಇಟ್ಟೆ. ಅಬ್ಬಾ ಅರ್ಧ ರೊಟ್ಟಿಯಲ್ಲಿ ಮೆಣಸಿನಕಾಯಿ ಚಟ್ನಿಯನ್ನು ಬಾಚಿ ಬಾಯಿಗಿಟ್ಟರು. ಕಣ್ಣು ಮೂಗಿನಲ್ಲೆಲ್ಲ ನೀರು ಬಂತು. ನನಗೆ ನಗು ತಡೆಯಲಿಲ್ಲ.

"ಅಬ್ಬಾ, ಹಸಿರು ಕಾಣ್ಲಿಲ್ಲೇನು ನಿಮಗ?"

ಅವರು ಎದ್ದು ಕೈ ತೊಳೆದುಕೊಂಡು ಹೊರಗೆ ಹೋದರು. ಅಮ್ಮಿ ನನ್ನನ್ನು ಹಂಡೆಯ ಹಿಂದಕ್ಕೆ ಎಳೆದುಕೊಂಡು ಹೋಗಿ, ತೊಡೆ ಕೆಂಪಾಗುವ ಹಾಗೆ ಚಿವುಟಿ, ಎಲ್ಲ ಹೇಳಿದಳು.

"ಈ ಮಾತು ಹೊಸ್ತಿಲು ದಾಟಿದ್ರೆ ನಮ್ಮನೆ ಒಲಿ ಹತ್ತಂಗಿಲ್ಲ, ತಿಳೀತಾ? ಬಣ್ಣ ಕಾಣದ ಬಣ್ಣಗಾರನ ಹತ್ರ ಯಾರು ಬರ್ತಾರೆ?"

ನಮ್ಮ ಮನೆಮಾತು ಉರ್ದು. ಅಮ್ಮಿ ಅವತ್ತು ಹೇಳಿದ್ದೂ ಉರ್ದುವಿನಲ್ಲೇ. ಆದರೆ ಇಷ್ಟು ವರ್ಷ ಕನ್ನಡದಲ್ಲಿ ಪಾಠ ಹೇಳಿ ಹೇಳಿ ನನಗೆ ಆ ಮನೆಯ ಮಾತೆಲ್ಲ ಹರಿಹರದ ಕನ್ನಡದಲ್ಲೇ ನೆನಪಾಗುತ್ತದೆ. ಇರಲಿ.

ನಾನು ಮಿಡ್ಲ್ ಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಅಮ್ಮಿಯ ಎದೆ ಕೆಟ್ಟಿತು. ಹಸಿ ಸೌದೆಯ ಹೊಗೆ, ಬಣ್ಣದ ನೀರಿನ ಹಬೆ, ಸೋಡಾದ ಘಾಟು, ಹದಿನಾಲ್ಕು ವರ್ಷ ಕುಡಿದಿದ್ದಳು. ನಾಲ್ಕು ಹೆಜ್ಜೆ ಇಟ್ಟರೆ ಎದೆಯೊಳಗೆ ಸಿಳ್ಳು ಹೊಡೆದಂತೆ ಸದ್ದು. ಡಾಕ್ಟರು, ಈ ಹೆಂಗಸು ಇನ್ನು ಹೊಗೆಯ ಹತ್ತಿರ ಸುಳಿಯಬಾರದು ಅಂತ ಖಡಾಖಂಡಿತ ಹೇಳಿಬಿಟ್ಟರು. ಅಮ್ಮಿಯ ಹಾಸಿಗೆ ಬೀದಿ ಕಡೆಯ ಕೋಣೆಗೆ ಬಂತು. ಮರುದಿನ ಬೆಳಿಗ್ಗೆ ಅಬ್ಬಾ ನನ್ನ ಮುಖ ನೋಡದೆ ಹೇಳಿದರು:

"ಬೇಟಿ, ಇವತ್ತೊಂದಿನ ಪರದೆ ಹಿಂದ ಕೂಡ್ತೀಯೇನವ್ವಾ."

ಆ ಒಂದು ದಿನ ಐದು ತಿಂಗಳಾಯಿತು. ಬೆಳಗಿನ ಮುಳುಗು ಮುಗಿಸಿ ಎರಡನೇ ಪೀರಿಯಡ್ಡಿಗೆ ಸ್ಕೂಲು ಸೇರುತ್ತಿದ್ದೆ, ಎಷ್ಟೋ ದಿನ ಅದೂ ಇಲ್ಲ. ಪರದೆಯ ಹಿಂದಿನ ಕೆಲಸ ಹೊರಗಿಂದ ನೋಡಿದರೆ ಏನೂ ಅಲ್ಲ, ಕೂತು ನೋಡುವುದು, ಕೈ ಅಲುಗಿಸುವುದು. ಆದರೆ ಕಣ್ಣು ಬಿಟ್ಟುಕೊಂಡೇ ಇರಬೇಕು. ಪುಸ್ತಕ ತೆರೆಯುವಂತಿಲ್ಲ, ತೂಕಡಿಸುವಂತಿಲ್ಲ, ಒಂದು ಗಳಿಗೆ ಎದ್ದು ಹೋಗುವಂತಿಲ್ಲ. ಸಂಜೆ ಕಣ್ಣು ಮುಚ್ಚಿದರೂ ಲಡಿಗಳೇ ತೂಗಾಡುತ್ತಿದ್ದವು. ಹದಿಮೂರು ವರ್ಷಕ್ಕೆ ಅಷ್ಟು ದಣಿವು ಯಾಕೆ ಅಂತ ಈಗ ಕೇಳಿದರೆ ಏನು ಹೇಳಲಿ? ನನ್ನ ಕಣ್ಣು ನನ್ನದಾಗಿರಲಿಲ್ಲ. ಅಬ್ಬಾನ ಮೇಲೆ ನನಗೆ ಸಿಟ್ಟಿತ್ತು, ಆ ಸಿಟ್ಟಿನ ಬಗ್ಗೆ ನಾಚಿಕೆಯೂ ಇತ್ತು.

ನನಗೆ ಹೈಸ್ಕೂಲಿಗೆ ಹೋಗಬೇಕಿತ್ತು. ಗಂಡುಹುಡುಗರ ಜೊತೆ ಓದಲು ಅಬ್ಬಾ ಕಳಿಸುತ್ತಿರಲಿಲ್ಲ. ದಾವಣಗೆರೆಯಲ್ಲಿ ಹೆಣ್ಣುಮಕ್ಕಳದೇ ಹೈಸ್ಕೂಲಿತ್ತು. ಅಲ್ಲಿ ಅಮ್ಮಿಯ ತಮ್ಮ, ನಮ್ಮ ರಸೂಲ್ ಮಾಮೂ, ಹತ್ತಿಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಅವರ ಮನೆಯಲ್ಲಿದ್ದು ಓದಬಹುದಿತ್ತು. ಅದನ್ನು ಅಮ್ಮಿ ಯಾವಾಗಲೋ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು. ಆದರೆ ನಾನು ಹೋದರೆ ಪರದೆಯ ಹಿಂದೆ ಯಾರು? ನಾನಿದ್ದರೆ ಓದಿಲ್ಲ, ಹೋದರೆ ಮನೆಯ ಕಸುಬಿಲ್ಲ. ಲೆಕ್ಕ ಅಷ್ಟು ಸರಳವಾಗಿತ್ತು.

ಮಾಮೂ ಒಂದು ಭಾನುವಾರ ಬಂದಾಗ ಅಮ್ಮಿ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ತವರಿನವರ ಮುಂದೆ ಬಾಯಿ ಬಿಟ್ಟಳು. ಮಾಮೂ ಅಬ್ಬಾನ ಸಂಗತಿ ಕೇಳಿ ಬೆರಗಾದರೂ, ದಾವಣಗೆರೆಯಲ್ಲಿ ಒಬ್ಬ ಕಣ್ಣಿನ ಡಾಕ್ಟರು ಬಂದಿದ್ದಾರೆ, ಇಂಥದ್ದಕ್ಕೆ ಬಣ್ಣದ ಗಾಜಿನ ಕನ್ನಡಕ ಹಾಕಿಸುತ್ತಾರಂತೆ ಅಂದರು. ಅಬ್ಬಾ ಉಣ್ಣುತ್ತಿದ್ದವರು ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಒಗೆದರು.

"ಹೋಗಿ ಕುರುಡ ಅಂತ ಬರೆಸ್ಕೊಂಡು ಬರ್ಲೇನು? ಪ್ಯಾಟಿ ತುಂಬ ಡಂಗುರ ಹೊಡಸ್ರಿ ಹಂಗಾರೆ!"

ಅಮ್ಮಿ ಉಸಿರು ಎಳೆದುಕೊಂಡು ಎಳೆದುಕೊಂಡು ಮಾತಾಡಿದಳು. ಅವಳು ಗಂಡನಿಗೆ ಎದುರಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನಾ ಕುಂತೆ. ಬಾಯಿ ಬಿಡಲಿಲ್ಲ. ನಿಮ್ಮ ಮಾನ ನನ್ನ ಮಾನ ಅಂದ್ಕೊಂಡೆ. ಈಗ ನನ್ನ ಎದಿ ಹೆಂಗ ಆಗೈತೆ ಕೇಳ್ರಿ, ಇಲ್ಲಿ ಕಿವಿ ಇಟ್ಟು ಕೇಳ್ರಿ! ಬಣ್ಣ ಕೇಳ್ತೀರಲ್ಲಾ, ಇದನ್ನೂ ಕೇಳ್ರಿ. ನನ್ನ ಮಗಳನ್ನ ಆ ಹೊಗಿಯಾಗ ಕೂಡಸಾಕ ನಾ ಬಿಡಂಗಿಲ್ಲ."

ಮಾಮೂ ತಲೆ ತಗ್ಗಿಸಿ ಕೂತರು. ಅಬ್ಬಾ ಒಗೆದ ರೊಟ್ಟಿಯನ್ನೇ ಮತ್ತೆ ತೆಗೆದುಕೊಂಡು ಮುರಿದು ತಿಂದರು. ಕೈ ತೊಳೆಯುವಾಗ ಅಬ್ಬಾ ಮಾಮೂನನ್ನು ಕೇಳಿದರು, ಆ ಡಾಕ್ಟರು ಎಷ್ಟು ಹೊತ್ತಿಗೆ ಸಿಗ್ತಾರೆ ಅಂತ.

ಬೇಸಿಗೆ ರಜೆಯಲ್ಲಿ ಅಬ್ಬಾ, ನಾನು ರೈಲಿನಲ್ಲಿ ದಾವಣಗೆರೆಗೆ ಹೋದೆವು. ಡಾಕ್ಟರು ವಯಸ್ಸಾದವರು, ಮೈಸೂರು ಕಡೆಯವರು, ನಿಧಾನ. ಒಂದು ಪುಸ್ತಕ ತೆರೆದು ಅಬ್ಬಾನ ಮುಂದಿಟ್ಟರು. ಹಾಳೆಯ ತುಂಬ ಬಣ್ಣದ ಚುಕ್ಕಿಗಳು, ಚುಕ್ಕಿಗಳ ನಡುವೆ ಬೇರೆ ಬಣ್ಣದ ಚುಕ್ಕಿಗಳಲ್ಲಿ ಬರೆದ ಅಂಕಿ.

"ಇದರಲ್ಲಿ ಏನು ಕಾಣಿಸ್ತದೆ, ಹೇಳಿ."

"ಏನ ಐತ್ರಿ ಇದರಾಗ? ಬರೇ ಚುಕ್ಕಿ. ರಾಗಿ ಚೆಲ್ಲಿದಂಗ ಐತೆ."

"ಮಗೂ, ನಿನಗೆ?"

"ಎಪ್ಪತ್ನಾಲ್ಕು" ಅಂದೆ. ಇನ್ನೊಂದು ಹಾಳೆ, ಇನ್ನೊಂದು ಅಂಕಿ. ನಾನು ಪಟಪಟ ಹೇಳುತ್ತಾ ಹೋದೆ, ನನಗೆ ಹುರುಪು ಬಂದುಬಿಟ್ಟಿತ್ತು, ಸ್ಕೂಲಿನಲ್ಲಿ ಮೇಷ್ಟ್ರು ಕೇಳಿದ ಹಾಗೆ. ಆರೋ ಏಳೋ ಹಾಳೆ ಆದ ಮೇಲೆ ಅಬ್ಬಾನ ಕಡೆ ನೋಡಿದೆ. ಅವರು ಪುಸ್ತಕ ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇಡೀ ಜೀವಮಾನದಲ್ಲಿ ತಮ್ಮ ಕಣ್ಣಿನಿಂದ ಏನೇನು ತಪ್ಪಿಹೋಗಿದೆ ಅಂತ ಅವರಿಗೆ ಅವತ್ತು ಗೊತ್ತಾಯಿತೇನೋ. ಮುಂದಿನ ಹಾಳೆಗೆ, ನನಗೂ ಕಾಣುತ್ತಿಲ್ಲ ಅಂದೆ. ಡಾಕ್ಟರು ನನ್ನನ್ನು ಒಂದು ಸಲ ನೋಡಿ ಪುಸ್ತಕ ಮುಚ್ಚಿದರು.

ಇದು ವಾಸಿಯಾಗುವ ಕಾಯಿಲೆಯಲ್ಲ, ಹುಟ್ಟಿನಿಂದ ಬಂದದ್ದು ಅಂತ ಬಿಡಿಸಿ ಹೇಳಿದರು. ಒಂದು ಪ್ರಯತ್ನ ಮಾಡಬಹುದು. ಕನ್ನಡಕದ ಒಂದು ಕಡೆ ಬರೀ ಗಾಜು, ಇನ್ನೊಂದು ಕಡೆ ಕೆಂಪು ಗಾಜು. ಕೆಂಪು ಗಾಜಿನಲ್ಲಿ ನೋಡಿದರೆ ಕೆಂಪು ವಸ್ತು ಬೆಳ್ಳಗೆ ತೇಲಿ ಬರುತ್ತದೆ, ಹಸಿರು ಕಪ್ಪಾಗುತ್ತದೆ. ಎರಡು ಕಣ್ಣನ್ನೂ ಒಂದೊಂದಾಗಿ ಮುಚ್ಚಿ ಹೋಲಿಸಿ ನೋಡಬೇಕು.

"ಬಣ್ಣ ಕಾಣಿಸ್ತದೆ ಅಂತ ಮಾತ್ರ ಅಂದುಕೋಬೇಡಿ ಸಾಹೇಬರೆ. ಎರಡೂ ಬೇರೆ ಬೇರೆ ಅಂತ ಗೊತ್ತಾಗ್ತದೆ, ಅಷ್ಟೆ. ಅಭ್ಯಾಸ ಮಾಡಬೇಕು."

"ಅಷ್ಟಾದ್ರೆ ಸಾಕ್ರಿ" ಅಂದರು ಅಬ್ಬಾ. ನಾನೂ ಮನಸ್ಸಿನಲ್ಲಿ ಅದನ್ನೇ ಅಂದೆ.

ಎಂಟು ದಿನಕ್ಕೆ ಮಾಮೂ ಕನ್ನಡಕ ತಂದುಕೊಟ್ಟರು. ಅಬ್ಬಾ ಅದನ್ನು ಹಾಕಿಕೊಂಡು ಅಂಗಳಕ್ಕೆ ಇಳಿದರು. ಬಲಗಣ್ಣು ಕೆಂಪಗೆ, ಎಡಗಣ್ಣು ಸಾದಾ, ಗಡ್ಡ ಬೇರೆ. ಅಮ್ಮಿಗೆ ಎದೆನೋವಿನಲ್ಲೂ ನಗು ಬಂತು. ಅಬ್ಬಾ ಹಗ್ಗದ ಮೇಲಿದ್ದ ಲಡಿಗಳ ಹತ್ತಿರ ಹೋಗಿ ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಮತ್ತೆ ಮೊದಲಿನದು ಮುಚ್ಚಿ, ಒಂದು ಲಡಿ ಮುಟ್ಟಿದರು.

"ಇದು ಕೆಂಪೇನು?"

"ಹೂಂ ಅಬ್ಬಾ, ಕೆಂಪು!"

"ಇದು ಹಸಿರು."

ಅದೂ ಸರಿಯಾಗಿತ್ತು. ಅಬ್ಬಾ ಹಾಗೇ ನೆಲದ ಮೇಲೆ ಕುಕ್ಕರಿಸಿ ಕೂತುಬಿಟ್ಟರು. ಮುಖ ಒರೆಸಿಕೊಳ್ಳುವ ನೆಪದಲ್ಲಿ ಹೆಗಲ ಮೇಲಿನ ವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡರು. ನಮ್ಮ ಮನೆಯಲ್ಲಿ ಆ ಸಂಜೆಯಷ್ಟು ಸಂತೋಷ ಮುಂಚೆಯೂ ಇರಲಿಲ್ಲ, ಆಮೇಲೂ ಬರಲಿಲ್ಲ.

ತಮಾಷೆ ಅಂದರೆ ನೇಕಾರರಿಗೆ ಕನ್ನಡಕ ಹಿಡಿಸಲಿಲ್ಲ. ಕಿವಿಯಲ್ಲಿ ಕೇಳುತ್ತಿದ್ದ ಸಾಬ್ರು ಈಗ ಎಲ್ಲರ ಹಾಗೆ ಕಣ್ಣಲ್ಲಿ ನೋಡುತ್ತಾರಲ್ಲ ಅಂತ ಅವರಿಗೆ ಸಪ್ಪೆಯಾಯಿತು. "ವಯಸ್ಸಾತು, ಕಿವಿ ಮಂದ ಆಗೈತೆ ಕಾಣ್ತದ" ಅಂತ ಕಟ್ಟೆಯ ಮೇಲೆ ಗುಸುಗುಸು. ಅಬ್ಬಾನಿಗೆ ಆಗ ನಲವತ್ತೂ ಆಗಿರಲಿಲ್ಲ.

ದಿನಾ ಸಾಯಂಕಾಲ, ಬಿಸಿಲಿರುವಾಗಲೇ, ಪರೀಕ್ಷೆ. ನಾನು ಹತ್ತು ಲಡಿ ಹಗ್ಗಕ್ಕೆ ಹಾಕುತ್ತಿದ್ದೆ, ಅಬ್ಬಾ ಒಂದೊಂದಾಗಿ ಹೇಳುತ್ತಿದ್ದರು. ಅಮ್ಮಿ ಬೀದಿ ಕೋಣೆಯ ಹಾಸಿಗೆಯಿಂದಲೇ "ಎಷ್ಟು?" ಅಂತ ಕೇಳುತ್ತಿದ್ದಳು. ಹತ್ತಕ್ಕೆ ಹತ್ತು ಬಂದ ದಿನ ನಾನು ದಾವಣಗೆರೆಗೆ ಹೋಗುವುದು ಅಂತ ಅವಳೇ ತೀರ್ಮಾನಿಸಿದ್ದಳು. ಮೊದಲ ದಿನ ಐದು, ಆಮೇಲೆ ಆರು, ಒಂದು ಸಲ ಏಳು. ಅಲ್ಲಿಗೆ ನಿಂತಿತು. ಕೆಂಪು, ಹಸಿರು ಎದುರುಬದುರು ಇದ್ದರೆ ಹೇಳುತ್ತಿದ್ದರು. ಬರಿಗಣ್ಣಿಗೆ ತಿಳಿಯುತ್ತಿದ್ದ ಹಳದಿಗೂ ಕಾವಿಗೂ ಕೆಂಪು ಗಾಜಿನಲ್ಲಿ ವ್ಯತ್ಯಾಸವೇ ಇರಲಿಲ್ಲ, ಅವರು ಆ ಗಾಜನ್ನೇ ನಂಬುತ್ತಿದ್ದರು. ಕಡುಹಸಿರು ಹಾಕಿದರೂ ಕಂದು ಹಾಕಿದರೂ ಕತ್ತಲೆ. ಜೊತೆಗೆ ಒಂದು ಕಣ್ಣಿಗೆ ಒಂದು ಲೋಕ, ಇನ್ನೊಂದಕ್ಕೆ ಇನ್ನೊಂದು ಲೋಕ, ಅರ್ಧ ಗಂಟೆಗೆ ತಲೆ ಸಿಡಿಯುತ್ತಿತ್ತು. ಹಣೆಗೆ ವಸ್ತ್ರ ಬಿಗಿದುಕೊಂಡು ಮತ್ತೆ ಬಂದು ನಿಲ್ಲುತ್ತಿದ್ದರು. ಹೈಸ್ಕೂಲಿಗೆ ಸೇರಿಸಲು ಕೊನೆಯ ದಿನ ಹತ್ತಿರ ಬರುತ್ತಿತ್ತು, ಮಾಮೂ ಎರಡು ಸಲ ಹೇಳಿಕಳಿಸಿದ್ದರು.

ಹಾಗಿರುವಾಗ ಒಂದು ಸಂಜೆ ಅಬ್ಬಾ ಕಾವಿಯ ಲಡಿ ಮುಟ್ಟಿ "ಹಳದಿ" ಅಂದರು. ನಾನು "ಸರಿ" ಅಂದೆ.

ಬಾಯಿ ತಾನಾಗಿ ಅಂದಿತು ಅಂತ ಹೇಳಬಹುದಿತ್ತು, ಆದರೆ ಹಾಗಲ್ಲ. ಯೋಚನೆ ಮಾಡಿಯೇ ಅಂದೆ. ಮುಂದಿನದಕ್ಕೂ ಸರಿ, ಅದರ ಮುಂದಿನದಕ್ಕೂ ಸರಿ. ಕಂದು ತೋರಿಸಿ ಹಸಿರು ಅಂದರು, ಸರಿ. ಒಳಗಿನಿಂದ ಅಮ್ಮಿ ಎಷ್ಟು ಅಂತ ಕೇಳಿದಾಗ ಕೂಗಿ ಹೇಳಿದೆ:

"ಹತ್ತಕ್ಕೆ ಹತ್ತು ಅಮ್ಮಿ!"

ಅಮ್ಮಿ ಗೋಡೆ ಹಿಡಿದುಕೊಂಡು ಅಂಗಳದ ಬಾಗಿಲತನಕ ಬಂದಳು. ನನ್ನ ಮುಖವನ್ನು ಎರಡೂ ಕೈಯಲ್ಲಿ ಸವರಿ ಲಟಿಕೆ ಮುರಿದಳು. ಅಬ್ಬಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾ ನಿಂತಿದ್ದರು, ಒರೆಸಿದ್ದನ್ನೇ ಒರೆಸಿದರು. ಮುಂದೆ ನಾನು ಮೂವತ್ತು ವರ್ಷ ಮಾಸ್ತರಿಕೆ ಮಾಡಿದೆ. ಎಷ್ಟೋ ಮಕ್ಕಳ ಪುಸ್ತಕದಲ್ಲಿ ಹತ್ತಕ್ಕೆ ಹತ್ತು ಹಾಕಿದ್ದೇನೆ, ಹಾಕುವಾಗ ಪ್ರತಿ ಸಲ ಕೈ ಒಂದು ಕ್ಷಣ ನಿಂತಿದೆ. ಸ್ಕೂಲಿನಲ್ಲಿ ಯಾರಿಗೂ ಯಾಕೆಂದು ಹೇಳಿಲ್ಲ.

ಜೂನ್ ತಿಂಗಳಲ್ಲಿ ನಾನು ಮಾಮೂನ ಮನೆ ಸೇರಿದೆ. ಮಾಮೂನ ಹೆಂಡತಿ, ನಮ್ಮ ಮುಮಾನಿ, ಒಳ್ಳೆಯವಳು, ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಮಾಡಿ ತಟ್ಟೆ ತುಂಬ ಹಾಕುತ್ತಿದ್ದಳು. ಮೊದಲ ದಿನ ಕ್ಲಾಸಿನಲ್ಲಿ ಕಿಟಕಿಯ ಪಕ್ಕ ಕೂತು ಹೊರಗೆ ನೋಡಿದೆ. ಮರ ಇತ್ತು, ಕಾಂಪೌಂಡು ಇತ್ತು, ಯಾರೋ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ಅವುಗಳ ಬಣ್ಣವನ್ನು ನಾನು ಯಾರಿಗೂ ಹೇಳಬೇಕಾಗಿರಲಿಲ್ಲ. ಅಷ್ಟಕ್ಕೇ ಕಣ್ಣಲ್ಲಿ ನೀರು ಬಂತು. ಪಕ್ಕದ ಹುಡುಗಿ, ಊರು ನೆನಪಾಯಿತೇನೇ ಅಂತ ಕೇಳಿದಳು. ಹೂಂ ಅಂದೆ.

ಆದರೆ ಆ ಕನ್ನಡಕಕ್ಕೆ ಬಿಸಿಲು ಬೇಕು ಅನ್ನುವುದನ್ನು ನಾವು ಯಾರೂ ಯೋಚಿಸಿರಲಿಲ್ಲ. ಪರೀಕ್ಷೆ ನಡೆದದ್ದೆಲ್ಲ ಮೇ ತಿಂಗಳ ಉರಿಬಿಸಿಲಿನಲ್ಲಿ. ಮಳೆಗಾಲ ಬಂತು, ಮೋಡ ಕವಿಯಿತು, ಕೆಂಪು ಗಾಜಿನ ಹಿಂದೆ ಎಲ್ಲವೂ ಕಪ್ಪಾಯಿತು. ಏಳು ಹೇಳುತ್ತಿದ್ದವರು ಮೂರು ಹೇಳುವುದೂ ಕಷ್ಟ. ಅಬ್ಬಾ ಇದನ್ನು ಅಮ್ಮಿಗೆ ಹೇಳಲಿಲ್ಲ. ಕನ್ನಡಕ ಹಾಕಿಕೊಂಡು ಅಂದಾಜಿನ ಮೇಲೆ ಕೆಲಸ ನಡೆಸಿದರು. ಹಳದಿ, ನೀಲಿ, ಕರಿ, ಒಂಟಿ ಬಣ್ಣದ ಕೆಲಸ ಬಂದಷ್ಟು ದಿನ ಹೇಗೋ ನಡೆಯಿತು.

ತಿಪ್ಪಣ್ಣ ಅನ್ನುವ ನೇಕಾರರು ಅಬ್ಬಾನ ಹಳೆಯ ಗಿರಾಕಿ. ಅವರ ಮಗಳ ಮದುವೆ ಗೊತ್ತಾಗಿತ್ತು. ಧಾರೆಗೆ ಉಡುವ ಹಸಿರು ಸೀರೆಯನ್ನು ತಮ್ಮ ಕೈಯಾರೆ ನೇಯಬೇಕು ಅಂತ ಅವರ ಆಸೆ. ನಾನು ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಮಧ್ಯಾಹ್ನದ ಗಾಡಿಗೆ ಹರಿಹರಕ್ಕೆ ಬಂದಿದ್ದೆ. ಕೈಚೀಲ ಹಿಡಿದು ಮನೆಗೆ ಬರುವಾಗ ತಿಪ್ಪಣ್ಣ ಕಟ್ಟೆಯ ಮೇಲೆ ಕೂತು ನೂಲಿನ ಗಂಟು ಬಿಚ್ಚುತ್ತಿದ್ದರು. ಅಬ್ಬಾ ಬಾಗಿಲಲ್ಲಿ ನಿಂತಿದ್ದರು. ಪಕ್ಕದಲ್ಲಿ ಇನ್ನಿಬ್ಬರು ಗಿರಾಕಿಗಳು. ತಿಪ್ಪಣ್ಣ ಲಡಿಯನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದರು.

"ಸಾಬ್ರೆ, ನನ್ನ ಹಸಿರು ನೂಲು ಎಲ್ಲೈತ್ರಿ?"

"ನಿನ್ನ ಕೈಯಾಗ ಐತಲ್ಲೋ ತಿಪ್ಪಣ್ಣಾ."

ತಿಪ್ಪಣ್ಣ ನಗಬೇಕೋ ಬೇಡವೋ ತಿಳಿಯದೆ ಪಕ್ಕದವರ ಮುಖ ನೋಡಿದರು. ಲಡಿ ನನಗೂ ಕಾಣುತ್ತಿತ್ತು. ಅಬ್ಬಾ ನೀಲಿ ನೂಲನ್ನು ಹಳದಿ ಬಾನಿಗೆ ಅದ್ದುವ ಬದಲು ಗಾಜನ್ನೇ ನಂಬಿ ಪಕ್ಕದ ಕಾವಿ ಬಾನಿಗೆ ಅದ್ದಿದ್ದರು. ಅಬ್ಬಾ ಕನ್ನಡಕ ತೆಗೆದು ಲಡಿ ನೋಡಿದರು, ಹಾಕಿಕೊಂಡು ನೋಡಿದರು. ಆಮೇಲೆ ಅಷ್ಟು ಜನರ ಎದುರಿಗೆ ನನ್ನ ಕಡೆ ತಿರುಗಿದರು.

"ಬೇಟಿ, ಇದು ಯಾವ ಬಣ್ಣ ಐತೆ?"

ಎರಡು ತಲೆಮಾರಿನ ಹೆಂಗಸರು ಹೊಗೆ ಕುಡಿದು ಕಾಯ್ದುಕೊಂಡ ಗುಟ್ಟು, ಬೀದಿ ಕಟ್ಟೆಯ ಮೇಲೆ, ಹಾಡುಹಗಲಲ್ಲಿ, ಆ ಒಂದು ಮಾತಿಗೆ ಬಯಲಾಯಿತು. ಹಸಿರು ಅನ್ನಲು ನನಗೆ ಬಾಯಿ ಬರಲಿಲ್ಲ. ಅಂದರೂ ನಂಬುವವರು ಯಾರಿದ್ದರು?

"ಕಾಫಿಪುಡಿ ಬಣ್ಣ, ಅಬ್ಬಾ."

ತಿಪ್ಪಣ್ಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಂಟನ್ನು ಮತ್ತೆ ಕಟ್ಟಿ ಅಬ್ಬಾನ ಕಾಲ ಬಳಿ ಇಟ್ಟು, ನಿಧಾನವಾಗಿ ಚಪ್ಪಲಿ ಮೆಟ್ಟಿಕೊಂಡರು.

"ನೀವು ಕೇಳಬೇಕಿತ್ತು ಸಾಬ್ರೆ. ನೋಡಾಕ ಹೋಗಿ ಕೆಡಿಸಿದ್ರಿ. ಆತು ಬಿಡ್ರಿ, ದಾವಣಗೆರೆಯಾಗ ಎಲ್ಲಾರ ಹಸಿರು ನೂಲು ಸಿಕ್ಕೀತು."

ಅವರು ಹೋದ ಮೇಲೆ ಅಮ್ಮಿ ಹಾಸಿಗೆಯ ಮೇಲೆ ಎದ್ದು ಕೂತು ನನ್ನನ್ನು ಕರೆದಳು. ಕಿಟಕಿಯಿಂದ ಎಲ್ಲವೂ ಕೇಳಿಸಿತ್ತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ತಿಳಿಯಬೇಕು ಅನ್ನುವ ಹಟ ಇತ್ತು.

"ಹತ್ತಕ್ಕೆ ಹತ್ತು ಅಂದಿದ್ದೆಯಲ್ಲಾ ನೀನು?"

ನಾನು ಬಾಯಿ ತೆರೆಯುವ ಮೊದಲೇ ಅಬ್ಬಾ ಹಿಂದಿನಿಂದ ಹೇಳಿದರು:

"ಅವತ್ತು ಹತ್ತೇ ಬಂದಿತ್ತು. ಬಿಸಲಿತ್ತು. ಈಗ ಮ್ವಾಡ ಐತೆ, ಅದಕ್ಕ ಹಿಂಗಾತು. ಹುಡುಗೀನ ಯಾಕ ಕೇಳ್ತೀ?"

ಕಾವಿಯಲ್ಲಿ ಅದ್ದಿದ ನೂಲನ್ನು ಮತ್ತೆ ಹಸಿರು ಮಾಡಲು ಬರುವುದಿಲ್ಲ. ಮಾಡಿದರೆ ಕರಿ ಮಾಡಬೇಕು. ಆ ಸಂಜೆ ಅಬ್ಬಾ ತಿಪ್ಪಣ್ಣನ ಮಗಳ ಧಾರೆಯ ನೂಲನ್ನೆಲ್ಲ ಮೂಲೆಯ ಬಾನಿಗೆ ಹಾಕಿದರು. ಮುಂದೆ ನಮ್ಮ ಅಂಗಳದಲ್ಲಿ ಕರಿ, ನೀಲಿ ಬಿಟ್ಟು ಬೇರೆ ಬಣ್ಣ ಆಗಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಎರಡು ವರ್ಷಕ್ಕೆ ಅಬ್ಬಾ ದಾವಣಗೆರೆಯ ಒಂದು ಮಿಲ್ಲಿನಲ್ಲಿ ಹತ್ತಿಯ ಅಂಡಿಗೆ ಹೊರುವ ಕೆಲಸಕ್ಕೆ ಸೇರಿದರು. ಹತ್ತಿ ಬಿಳಿ. ಅದಕ್ಕೆ ಯಾರ ಕಣ್ಣೂ ಬೇಕಾಗಿರಲಿಲ್ಲ. ಹೊಗೆ ನಿಂತು ಅಮ್ಮಿಯ ಎದೆ ಸ್ವಲ್ಪ ಹಗುರಾಯಿತು ಅನ್ನುವುದೊಂದೇ ಹೇಳಿಕೊಳ್ಳುವಂಥ ಮಾತು. ಇಷ್ಟನ್ನು ನಾನು ನನ್ನ ಮಕ್ಕಳಿಗೂ ಹೇಳಿದ್ದೇನೆ. ಆದರೆ ಮರುದಿನ ಬೆಳಿಗ್ಗೆ ಹೊಳೆಯಲ್ಲಿ ನಡೆದದ್ದನ್ನು ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಬ್ಬಾ ಕರಿ ಲಡಿಗಳನ್ನು ತೊಳೆಯಲು 'ಬಾ' ಅಂದರು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ನಾವು ಮೆಟ್ಟಿಲ ಮೇಲೆ ನಿಂತು ಒಂದು ತುದಿ ಅವರು, ಒಂದು ತುದಿ ನಾನು ಹಿಡಿದು ಹಿಂಡಿದೆವು. ಮೂರು ಲಡಿ ಆದ ಮೇಲೆ ಅವರು ಅಂದರು:

"ನೀ ಹತ್ತು ಅಂದಿ ನೋಡು, ಅವತ್ತೇ ನಂಗ ಗೊತ್ತಾಗಿತ್ತು."

ನನ್ನ ಕೈ ನಿಂತಿತು.

"ನಾ ಹೇಳಿದ್ದು ಬರೇ ಅಂದಾಜು. ಹತ್ತಕ್ಕ ಹತ್ತೂ ಅಂದಾಜು ಸರಿ ಆಗಾಕ ನಾನೇನು ದೊಡ್ಡ ಪೀರನೇನು?" ಅಂದು ಸ್ವಲ್ಪ ನಕ್ಕರು. "ನೀನು ಹೋಗ್ಲಿ ಅಂತ ಸುಮ್ನಾದೆ. ನಂಗೂ ಆ ಪರದೆ ಕಡಿ ಕಿವಿ ಕೊಟ್ಟು ಕೊಟ್ಟು ಸಾಕಾಗಿತ್ತವ್ವಾ. ಒಂದ್ಸಲ ನಾನೇ ಮಾಡಿ ನೋಡಣ ಅನ್ನಿಸ್ತು."

ನಾನು ಅಳುತ್ತಿದ್ದೆ. ಅವರು ಸಮಾಧಾನ ಮಾಡಲಿಲ್ಲ, ಇನ್ನೊಂದು ಲಡಿಯ ತುದಿ ನನ್ನ ಕೈಗೆ ಕೊಟ್ಟರು. ಹಿಂಡುತ್ತಾ ಹಿಂಡುತ್ತಾ, ಹೊಳೆಯ ಕಡೆ ನೋಡಿಕೊಂಡು ಕೇಳಿದರು:

"ನೀ ಉಳಿದ್ರೆ ಮತ್ತ ಎಲ್ಲಾ ಮೊದಲಿನಂಗ ಆಕ್ಕೈತೆ. ತಿಪ್ಪಣ್ಣನ ಮಂದಿ ತಿರುಗಿ ಬರ್ತಾರೆ. ಉಳೀತೀಯಾ?"

ಅವರು ಬಾಯಿಬಿಟ್ಟು ನನ್ನ ಇಷ್ಟವನ್ನು ಕೇಳಿದ್ದು ಜೀವಮಾನದಲ್ಲಿ ಅದೊಂದೇ. ನನ್ನ ಕೈಯಲ್ಲಿ ಒದ್ದೆ ನೂಲಿತ್ತು, ಅದರಿಂದ ಕರಿ ನೀರು ಮೊಳಕೈವರೆಗೆ ಇಳಿಯುತ್ತಿತ್ತು. ನಾನು ಮೂಗು ಒರೆಸಿಕೊಂಡು ಹೇಳಿದೆ:

"ನಾಳೆ ಗಣಿತದ ಪರೀಕ್ಷೆ ಐತೆ ಅಬ್ಬಾ."

"ಹೌದಾ" ಅಂದರು. "ಹಂಗಾರೆ ಸಂಜಿ ಗಾಡಿಗೇ ಹೋಗು. ಬೆಳಗಿನ ಗಾಡಿ ಒಮ್ಮೊಮ್ಮೆ ತಡ ಮಾಡ್ತೈತೆ."

ಪರೀಕ್ಷೆ ಇರಲಿಲ್ಲ.